ಹಳೆಯ ಪೆನ್ನುಗಳ ಪ್ರಮಾಣಪತ್ರ ಬದಲಾಗುತ್ತಿದೆ: ಗ್ರಾಹಕರಿಗೆ ಪತ್ರ

ಆತ್ಮೀಯ ಗ್ರಾಹಕರೇ,

ನಮ್ಮಲ್ಲಿ ಕೊಂಡ ಅಥವಾ ಪರೀಕ್ಷೆಗೆ ಕೊಟ್ಟ ಹಳೆಯ ಫೌಂಟನ್ ಪೆನ್ನುಗಳ ಜೊತೆ ಇದುವರೆಗೆ ‘ಅಸಲಿ’ ಎಂಬ ಒಂದು ಸಾಲಿನ ಪ್ರಮಾಣಪತ್ರ ಕೊಡುತ್ತಿದ್ದೆವು. ಮುಂದಿನ ತಿಂಗಳಿಂದ ಅದನ್ನು ನಿಲ್ಲಿಸುತ್ತಿದ್ದೇವೆ. ಅದರ ಬದಲು ಪ್ರತಿ ಪೆನ್ನಿಗೂ ಬಿಡಿಭಾಗಗಳ ಪಟ್ಟಿ ಸಿಗುತ್ತದೆ. ಕ್ಯಾಪ್, ಕ್ಲಿಪ್, ಬ್ಯಾರೆಲ್, ನಿಬ್, ಫೀಡ್ (ನಿಬ್ಬಿನ ಅಡಿಯಲ್ಲಿದ್ದು ಅದಕ್ಕೆ ಇಂಕು ಹರಿಸುವ ಭಾಗ), ಇಂಕು ತುಂಬುವ ವ್ಯವಸ್ಥೆ, ಇವುಗಳಲ್ಲಿ ಯಾವುದು ಆ ಪೆನ್ನಿನದೇ, ಯಾವುದು ಅದೇ ಕಂಪನಿಯ ಬೇರೆ ಪೆನ್ನಿನಿಂದ ಬಂದದ್ದು, ಯಾವುದು ಈಚೆಗೆ ಹೊಸದಾಗಿ ಮಾಡಿದ್ದು ಎಂದು ಅದರಲ್ಲಿ ಬರೆದಿರುತ್ತೇವೆ.

ಎಪ್ಪತ್ತು, ಎಂಬತ್ತು ವರ್ಷ ಬರೆದ ಪೆನ್ನು ಕಾರ್ಖಾನೆಯಿಂದ ಹೊರಬಂದ ಹಾಗೆಯೇ ಉಳಿಯುವುದು ಅಪರೂಪ. ಕ್ಯಾಪ್ ಕಳೆದಿರುತ್ತದೆ, ನಿಬ್ ಬಾಗಿರುತ್ತದೆ, ಕ್ಲಿಪ್ ಮುರಿದಿರುತ್ತದೆ. ಎರಡು ಮೂರು ಕೆಟ್ಟ ಪೆನ್ನುಗಳ ಭಾಗ ಸೇರಿಸಿ ಒಂದು ಒಳ್ಳೆಯ ಪೆನ್ನು ಮಾಡುವುದು ರಿಪೇರಿಯವರ ಹಳೆಯ ಪದ್ಧತಿ. ಅದರಲ್ಲಿ ತಪ್ಪೇನೂ ಇಲ್ಲ, ಹಾಗೆ ಎಷ್ಟೋ ಪೆನ್ನುಗಳು ಇವತ್ತಿಗೂ ಬರೆಯುತ್ತಿವೆ. ಹೇಳದೆ ಮಾರುವುದು ಮಾತ್ರ ತಪ್ಪು. ಹೀಗೆ ಜೋಡಿಸಿದ ಪೆನ್ನುಗಳು ನಮ್ಮ ಮೇಜಿಗೆ ಬರುವುದು ಹೆಚ್ಚುತ್ತಿದೆ, ಅವುಗಳಿಗೆ ಒಂದು ಸಾಲಿನ ಉತ್ತರ ಸಾಲದು.

ಪಾರ್ಕರ್ 51 ನೋಡಿ. 1941ರಲ್ಲಿ ಮಾರುಕಟ್ಟೆಗೆ ಬಂದಾಗ ಅದು ವ್ಯಾಕ್ಯುಮ್ಯಾಟಿಕ್: ಬ್ಯಾರೆಲ್ ತುದಿಯ ಪುಟ್ಟ ಮುಚ್ಚಳ ತಿರುಗಿಸಿ ತೆಗೆದು, ಒಳಗಿನ ಗುಂಡಿ ಒತ್ತಿ ಇಂಕು ತುಂಬಬೇಕಿತ್ತು. 1948ರಲ್ಲಿ ಏರೋಮೆಟ್ರಿಕ್ ಬಂತು. ಅದರಲ್ಲಿ ಬ್ಯಾರೆಲ್ಲನ್ನೇ ಬಿಚ್ಚಿ ಲೋಹದ ಕವಚದೊಳಗಿನ ಚೀಲವನ್ನು ಅದುಮಬೇಕು. ಅಮೆರಿಕದಲ್ಲಿ ತಯಾರಾದ ಆ ಕಾಲದ ಬಹಳಷ್ಟು ಬ್ಯಾರೆಲ್‌ಗಳ ಮೇಲೆ ವರ್ಷದ ಕೊನೆಯ ಅಂಕಿ ಅಚ್ಚಾಗಿರುತ್ತದೆ. ಬರೀ ‘1’ ಇದ್ದರೆ 1941 ಇರಬಹುದು, 1951 ಇರಬಹುದು. ಇಂಕು ತುಂಬುವ ಬಗೆ ನೋಡಿದ ಮೇಲೆಯೇ ತೀರ್ಮಾನ. ಕ್ಯಾಪಿನ ಕಥೆ ಬೇರೆ, ಅದು ಎರಡು ಬಗೆಯ ಪೆನ್ನಿಗೂ ಸಲೀಸಾಗಿ ಕೂರುತ್ತದೆ. ಕ್ಲಿಪ್ ಮೇಲೆ ವಜ್ರಾಕಾರದ ನೀಲಿ ಗುರುತಿರುವ ಕ್ಯಾಪು 1940ರ ದಶಕದ್ದು. ಅದು 1951ರ ಬ್ಯಾರೆಲ್ ಮೇಲೆ ಕೂತಿದ್ದರೆ ಬೇರೆ ಪೆನ್ನಿನದೆಂದೇ ನಾವು ಬರೆಯುತ್ತೇವೆ. ಎರಡೂ ಪಾರ್ಕರ್ ಕಂಪನಿಯವೇ, ಎರಡೂ ಅಸಲಿಯೇ, ಆದರೆ ಹುಟ್ಟಿನಿಂದ ಜೋಡಿಯಲ್ಲ.

ವಾಟರ್‌ಮನ್ 52ರಲ್ಲಿ ಹೆಸರೇ ಅರ್ಧ ಹೇಳಿಬಿಡುತ್ತದೆ. 5 ಎಂದರೆ ಲಿವರ್ ಎತ್ತಿ ತುಂಬುವ ಪೆನ್ನು, 2 ಎಂದರೆ ನಿಬ್ಬಿನ ಅಳತೆ. ಅಂಥ ಪೆನ್ನಿನಲ್ಲಿ ಕಂಪನಿಯ ಹೆಸರಿಲ್ಲದ, ‘ವಾರಂಟೆಡ್ 14ಕೆ’ ಎಂದಷ್ಟೇ ಬರೆದ ನಿಬ್ ಇದ್ದರೆ ಅದು ಆಮೇಲೆ ಹಾಕಿದ್ದು. ಚಿನ್ನವೇ ಆಗಿರಬಹುದು, ಸೊಗಸಾಗಿ ಬರೆಯಲೂಬಹುದು. ಪಟ್ಟಿಯಲ್ಲಿ ಆ ಮಾತನ್ನೂ ಬರೆಯುತ್ತೇವೆ.

ಅದೇ ಪೆನ್ನಿನ ಕಪ್ಪು ಎಬೊನೈಟ್, ಅಂದರೆ ಗಟ್ಟಿ ಮಾಡಿದ ರಬ್ಬರ್, ಬಿಸಿಲು, ತೇವಕ್ಕೆ ಸಿಕ್ಕಿ ಕಂದು ಬಣ್ಣಕ್ಕೆ ತಿರುಗುತ್ತದೆ. ಕ್ಯಾಪ್ ಮುಚ್ಚಿದ್ದ ಜಾಗ ಕಪ್ಪಾಗಿಯೇ ಉಳಿದು ಹೊರಭಾಗ ಮಾಸಿದ್ದರೆ ಅದು ಸಹಜ ವಯಸ್ಸು. ಮೈಯೆಲ್ಲ ಒಂದೇ ಕಡುಕಪ್ಪು ಇದ್ದು, ಓರೆ ಬೆಳಕಿನಲ್ಲಿ ಭೂತಗನ್ನಡಿ ಹಿಡಿದಾಗ ಅಚ್ಚಿನ ಅಕ್ಷರಗಳ ಅಂಚು ಮೊಂಡಾಗಿ ಕಂಡರೆ ಯಾರೋ ಉಜ್ಜಿ ಬಣ್ಣ ಹಚ್ಚಿರುವ ಸಾಧ್ಯತೆ ಹೆಚ್ಚು. ಇನ್ನು ಮುಂದೆ ನಾವು ಎಬೊನೈಟಿಗೆ ಕಪ್ಪು ಹಚ್ಚುವುದಿಲ್ಲ, ಮಾಸಿದ ಅಚ್ಚನ್ನು ಮತ್ತೆ ಕೊರೆಯುವುದೂ ಇಲ್ಲ. ಕೆಲವರಿಗೆ ಇದರಿಂದ ಬೇಸರವಾಗಬಹುದೆಂದು ಗೊತ್ತು. ಆದರೆ ಆ ಕಂದು ಬಣ್ಣ, ಆ ಅಕ್ಷರ ಪೆನ್ನಿನ ಜಾತಕ. ಒಮ್ಮೆ ಅಳಿಸಿದರೆ ಮುಂದಿನವರಿಗೆ ಓದಲು ಏನೂ ಉಳಿಯುವುದಿಲ್ಲ.

ಇಂಕು ತುಂಬುವ ರಬ್ಬರ್ ಚೀಲ ಮತ್ತು ಪಿಸ್ಟನ್ನಿನ ಕಾರ್ಕ್ ಸೀಲ್ ಸವೆಯಲೆಂದೇ ಇರುವ ಭಾಗಗಳು. ಅವು ಬದಲಾದ ಮಾತ್ರಕ್ಕೆ ಪೆನ್ನಿನ ಯೋಗ್ಯತೆ ಕಡಿಮೆಯಾಗದು. ಎಸ್ಟರ್‌ಬ್ರೂಕ್ ಪೆನ್ನುಗಳಲ್ಲಂತೂ ನಿಬ್ಬನ್ನು ತಿರುಗಿಸಿ ಬದಲಾಯಿಸಲೆಂದೇ ಮಾಡಿದ್ದಾರೆ, ಅಲ್ಲಿ ನಿಬ್ಬಿನ ಸಂಖ್ಯೆಯನ್ನಷ್ಟೇ ಬರೆಯುತ್ತೇವೆ. ಚೀಲವನ್ನು ಮೊದಲಿನಂತೆ ಅರಗಿನಿಂದಲೇ ಅಂಟಿಸುತ್ತೇವೆ, ಮುಂದೆ ಯಾರು ಬೇಕಾದರೂ ಹದವಾಗಿ ಬಿಸಿ ಮಾಡಿ ಬಿಚ್ಚಬಹುದು. ಸೂಪರ್ ಗ್ಲೂ ಬಳಸುವುದಿಲ್ಲ. ಪೆನ್ನಿನ ಮೈ ಸೆಲ್ಯುಲಾಯ್ಡ್ (ಹಳೆಯ ಕಾಲದ ಒಂದು ಬಗೆಯ ಪ್ಲಾಸ್ಟಿಕ್) ಹೌದೋ ಅಲ್ಲವೋ ತಿಳಿಯಲು ಕಾಯಿಸಿದ ಸೂಜಿ ಚುಚ್ಚುವವರಿದ್ದಾರೆ; ದಯವಿಟ್ಟು ಬೇಡ, ಅದಕ್ಕೆ ಬೇಗ ಬೆಂಕಿ ಹತ್ತುತ್ತದೆ. ಬೆರಳಿನಿಂದ ಚೆನ್ನಾಗಿ ಉಜ್ಜಿದರೆ ಸಾಮಾನ್ಯವಾಗಿ ಕರ್ಪೂರದ ವಾಸನೆ ಬರುತ್ತದೆ.

ಈ ಬದಲಾವಣೆಯಿಂದ ಪರೀಕ್ಷೆಗೆ ಮೊದಲಿಗಿಂತ ಹೆಚ್ಚು ದಿನ ಹಿಡಿಯುತ್ತದೆ. ರಿಪೇರಿಯಲ್ಲಿ ತೆಗೆದ ಹಳೆಯ ಭಾಗಗಳನ್ನು, ಮುರಿದವನ್ನೂ ಸೇರಿಸಿ, ಪೊಟ್ಟಣ ಕಟ್ಟಿ ಪೆನ್ನಿನ ಜೊತೆಗೇ ಕೊಡುತ್ತೇವೆ. ಯಾವುದಾದರೂ ಭಾಗದ ಬಗ್ಗೆ ಖಚಿತವಾಗಿ ಹೇಳಲಾಗದಿದ್ದರೆ ಪಟ್ಟಿಯಲ್ಲಿ ಹಾಗೆಂದೇ ಬರೆಯುತ್ತೇವೆ. ಹಳೆಯ ಪ್ರಮಾಣಪತ್ರ ಇರುವವರು ಪೆನ್ನು ತಂದರೆ ಶುಲ್ಕವಿಲ್ಲದೆ ಹೊಸ ಪಟ್ಟಿ ಮಾಡಿಕೊಡುತ್ತೇವೆ. ತರುವ ಮುನ್ನ ಪಾಲಿಶ್ ಹಾಕಬೇಡಿ, ನೀರಿನಲ್ಲಿ ನೆನೆಸಬೇಡಿ. ಒಣಗಿದ ಇಂಕು ಒಳಗಿದ್ದರೆ ಇರಲಿ, ನಾವೇ ತೆಗೆಯುತ್ತೇವೆ.

ಇಂತಿ ನಿಮ್ಮ ವಿಶ್ವಾಸಿಗಳು,
ಸಹಕಾರ ಸಂಘದ ಪೆನ್ನು ದುರಸ್ತಿ ವಿಭಾಗ