ಫೈಟರ್ ಮೀನಿಗೂ ಚಳಿಯಾಗುತ್ತದೆ

ಮಾನ್ಯ ಸಂಪಾದಕರೇ,

ಎರಡು ವರ್ಷದ ಹಿಂದೆ, ನವೆಂಬರಿನಲ್ಲಿ, ನನ್ನ ಮಗಳು ಗೆಳತಿಯ ಹುಟ್ಟುಹಬ್ಬಕ್ಕೆ ಹೋದವಳು ಉಪ್ಪಿನಕಾಯಿ ಬಾಟಲಿಯಷ್ಟು ದೊಡ್ಡ ಗಾಜಿನ ಬಾಟಲಿ ಹಿಡಿದು ಬಂದಳು. ಒಳಗೆ ಕಡುನೀಲಿ ಬಣ್ಣದ ಫೈಟರ್ ಮೀನು. ರಿಟರ್ನ್ ಗಿಫ್ಟಂತೆ! ಮೀನಿಗೆ ಹಾಕುವ ಕಾಳು ತರಲು ಅಂಗಡಿಗೆ ಹೋದಾಗ ಅಂಗಡಿಯವರು, 'ಏನೂ ತಲೆಬಿಸಿ ಇಲ್ಲ ಸಾರ್, ಇದು ಬಾಟಲಿಯಲ್ಲೇ ಇರುತ್ತೆ, ಹದಿನೈದು ದಿನಕ್ಕೊಮ್ಮೆ ನೀರು ಬದಲಿಸಿ' ಎಂದರು. ನಾನೂ ನಂಬಿದೆ. ಕ್ರಿಸ್‌ಮಸ್ ರಜೆ ಮುಗಿಯುವ ಮೊದಲೇ ಮೀನು ಸತ್ತಿತು, ಮಗಳು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಹೋದ ವಾರ ಮತ್ತೆ ಅಂಥದೇ ಬಾಟಲಿ ಮನೆಗೆ ಬಂದಿದೆ. ಅದಕ್ಕೇ ಈ ಪತ್ರ.

ಬಾಟಲಿಯಲ್ಲೂ ಬದುಕುತ್ತೆ ಎನ್ನುವ ಮಾತು ಪೂರ್ತಿ ಸುಳ್ಳಲ್ಲ, ಅದೇ ತೊಂದರೆ. ಈ ಮೀನಿಗೆ ಕಿವಿರಿನ ಜೊತೆಗೆ ತಲೆಯೊಳಗೆ ಇನ್ನೊಂದು ಅಂಗ ಇದೆ. ನೀರಿನ ಮೇಲೆ ಬಂದು ಬಾಯಲ್ಲಿ ಗಾಳಿ ಎಳೆದುಕೊಂಡು ಉಸಿರಾಡುತ್ತದೆ. ಹಾಗಾಗಿ ಬೇರೆ ಮೀನು ಬೇಗ ಸಾಯುವಂಥ ನೀರಿನಲ್ಲಿ ಇದು ವಾರಗಟ್ಟಲೆ ಇರುತ್ತದೆ. ಇರುತ್ತದೆ, ಅಷ್ಟೇ. ಅದರ ಹೊಲಸು, ತಿನ್ನದೆ ಬಿಟ್ಟ ಕಾಳು ಎಲ್ಲ ಸೇರಿ ಆ ಒಂದು ಲೀಟರ್ ನೀರಿನಲ್ಲಿ ಅಮೋನಿಯಾ ಆಗುತ್ತದೆ, ನೀರು ಕಣ್ಣಿಗೆ ತಿಳಿಯಾಗೇ ಕಂಡರೂ ಅದು ಇರಬಹುದು. ನಮ್ಮ ಮೀನಿನ ರೆಕ್ಕೆಯ ಅಂಚು ಕಪ್ಪಾಗಿ, ಗಾಳಿಗೆ ಹರಿದ ಬಾಳೆ ಎಲೆ ಥರ ಸೀಳಿತ್ತು. ನಾವು ಅದನ್ನೇ ಚೆಂದ ಅಂದುಕೊಂಡಿದ್ದೆವು.

ಆದರೆ ನಮ್ಮೂರಿನಲ್ಲಿ ಇದಕ್ಕಿಂತ ದೊಡ್ಡ ಶತ್ರು ಚಳಿ. ಈ ಮೀನು ಥಾಯ್ಲೆಂಡ್ ಕಡೆಯದು, ಅಲ್ಲಿನ ಬೆಚ್ಚಗಿನ ಗದ್ದೆ ನೀರು, ಜೌಗು ಅದರ ಊರು. ಅವರಿಗೆ ಎಷ್ಟು ಪ್ರೀತಿ ಎಂದರೆ 2019ರಲ್ಲಿ ಇದನ್ನು ರಾಷ್ಟ್ರೀಯ ಜಲಚರ ಎಂದೇ ಘೋಷಿಸಿದ್ದಾರೆ. ಇದರ ಇನ್ನೊಂದು ಹೆಸರು ಬೆಟ್ಟಾ, ಆದರೆ ಬೆಟ್ಟದ ಚಳಿ ಮಾತ್ರ ಇದಕ್ಕೆ ಆಗಿಬರುವುದಿಲ್ಲ ನೋಡಿ! ಇದಕ್ಕೆ 24ರಿಂದ 28 ಡಿಗ್ರಿ ಬಿಸಿಯ ನೀರು ಬೇಕು. ಮೀನು ಸತ್ತ ಮೇಲೆ ಕುತೂಹಲಕ್ಕೆ ಅದೇ ಕಿಟಕಿ ಹತ್ತಿರ ಒಂದು ಪಾತ್ರೆಯಲ್ಲಿ ನೀರಿಟ್ಟು ಬೆಳಿಗ್ಗೆ ಆರಕ್ಕೆ ಥರ್ಮಾಮೀಟರ್ ಹಾಕಿದೆ, 17 ತೋರಿಸಿತು. ನಾವು ಸ್ವೆಟರ್, ಮಂಕಿ ಕ್ಯಾಪ್ ಹಾಕಿಕೊಂಡು ಒಲೆ ಮುಂದೆ ಕೂರುತ್ತಿದ್ದ ಆ ದಿನಗಳಲ್ಲಿ ಅದು ಬಾಟಲಿಯ ತಳದಲ್ಲಿ ಅಲುಗಾಡದೆ ಮಲಗಿರುತ್ತಿತ್ತು. 'ಶಾಂತ ಸ್ವಭಾವ' ಅಂತ ನನ್ನ ಅತ್ತೆ ಹೊಗಳುತ್ತಿದ್ದರು.

ಮುಂದಿನ ಮೀನಿಗೆ ಇಪ್ಪತ್ತು ಲೀಟರಿನ ತೊಟ್ಟಿ ತಂದೆ, ಒಂದು ಸಣ್ಣ ಹೀಟರ್, ಒಂದು ಸ್ಪಂಜ್ ಫಿಲ್ಟರ್. ಬೇಕಾದ ಬಿಸಿ ಬಂದ ಕೂಡಲೇ ತಾನೇ ಆಫ್ ಆಗುವ ಹೀಟರನ್ನೇ ತೆಗೆದುಕೊಳ್ಳಿ. ಮೇಲೆ ಮುಚ್ಚಳ ಇರಲಿ, ಈ ಮೀನು ಹಾರುತ್ತದೆ, ಆದರೆ ಗಾಳಿಗೆ ಜಾಗ ಬಿಡಿ. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇಲ್ಲದಾಗ ಏನು ಮಾಡುವುದು ಎಂದರೆ, ಮನೆಯಲ್ಲಿರುವ ಹಳೇ ಕಂಬಳಿಯನ್ನು ತೊಟ್ಟಿಗೆ ಸುತ್ತಿ, ಬಿಸಿನೀರು ತುಂಬಿದ ಸಣ್ಣ ಬಾಟಲಿಯ ಮುಚ್ಚಳ ಬಿಗಿ ಮಾಡಿ ನೀರಿನಲ್ಲಿ ತೇಲಿಬಿಡುವುದು. ನಮ್ಮಲ್ಲಿ ಅಷ್ಟಕ್ಕೇ ನಡೆದಿದೆ. ಆ ದಿನಗಳಲ್ಲಿ ಕಾಳು ಕಡಿಮೆ ಹಾಕಿ, ಚಳಿಯಲ್ಲಿ ಅದಕ್ಕೆ ಅರಗುವುದಿಲ್ಲ.

ನೀರನ್ನು ವಾರಕ್ಕೊಮ್ಮೆ ಕಾಲು ಭಾಗ ಮಾತ್ರ ಬದಲಿಸಿ, ಪೂರ್ತಿ ಚೆಲ್ಲಬೇಡಿ. ನಲ್ಲಿ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಿರುತ್ತಾರೆ, ಒಂದು ದಿನ ಅಗಲ ಬಾಯಿಯ ಬಕೆಟ್‌ನಲ್ಲಿ ತೆರೆದಿಟ್ಟರೆ ಅದರ ಕ್ಲೋರಿನ್ ಹೋಗುತ್ತದೆ. ಹಾಕುವ ಮೊದಲು ತೊಟ್ಟಿಯ ನೀರಿನಷ್ಟೇ ಬೆಚ್ಚಗೆ ಮಾಡಿಕೊಳ್ಳಿ. ಸ್ಪಂಜನ್ನು ನಲ್ಲಿ ಕೆಳಗೆ ಉಜ್ಜಿ ತೊಳೆಯಬಾರದು, ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಅದರಲ್ಲೇ ಇರುವುದು, ತೊಟ್ಟಿಯಿಂದ ತೆಗೆದ ಹಳೇ ನೀರಲ್ಲೇ ಹಿಂಡಿದರೆ ಸಾಕು. ತೋಟ ಇರುವವರಿಗೆ ಒಂದು ಮಾತು: ಮೈಲುತುತ್ತ, ಸುಣ್ಣ ಸೇರಿಸಿ ಬೋರ್ಡೋ ಔಷಧಿ ಕಲಸಿದ ಬಕೆಟ್ ಎಷ್ಟೇ ತೊಳೆದಿದ್ದರೂ ಮೀನಿನ ಕೆಲಸಕ್ಕೆ ಬೇಡ. ಮೈಲುತುತ್ತದಲ್ಲಿರುವ ತಾಮ್ರ ಮೀನಿಗೆ ವಿಷ.

ಇನ್ನು ಊಟ. ಶೃಂಗೇರಿಯಲ್ಲಿ ತುಂಗೆಯ ಮೀನುಗಳು ಮಂಡಕ್ಕಿಗೆ ಮುಗಿಬೀಳುವುದನ್ನು ನೋಡಿ ಬೆಳೆದವರು ನಾವು, ಎಲ್ಲ ಮೀನೂ ಮಂಡಕ್ಕಿ ತಿನ್ನುತ್ತದೆ ಅಂದುಕೊಂಡಿರುತ್ತೇವೆ. ನನ್ನ ಮಗಳೂ ಹಾಕಿದ್ದಳು, ಅದು ಊದಿ ಕೊಳೆಯಿತು ಅಷ್ಟೇ. ಫೈಟರ್ ಹುಳ ಹುಪ್ಪಟೆ ತಿನ್ನುವ ಜಾತಿ. ಇದರ ಹೊಟ್ಟೆ ಹೆಚ್ಚುಕಡಿಮೆ ಅದರ ಕಣ್ಣಿನಷ್ಟೇ ಎನ್ನುತ್ತಾರೆ, ಎರಡು ಹೊತ್ತು ಎರಡೋ ಮೂರೋ ಕಾಳು ಸಾಕು. ಬಂದ ನೆಂಟರೆಲ್ಲ ಒಂದೊಂದು ಚಿಟಿಕೆ ಹಾಕುವುದನ್ನು ತಡೆಯುವುದೇ ದೊಡ್ಡ ಕೆಲಸ.

ಶಾಲೆ ಮೈದಾನದ ಕಾಡುಬಾದಾಮಿ ಮರದ ಕೆಳಗೆ ಬಿದ್ದ ಒಣ ಎಲೆ ತೊಳೆದು ಒಂದನ್ನು ತೊಟ್ಟಿಗೆ ಹಾಕುತ್ತೇನೆ. ನೀರು ತೆಳು ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ, ಗಾಬರಿ ಬೇಡ, ಮೀನಿಗೆ ಅದು ಹಿತ. ನಮ್ಮ ಮೀನು ಈಗ ಒಂದೂವರೆ ವರ್ಷದಿಂದ ಆರಾಮಾಗಿದೆ, ನೀರಿನ ಮೇಲೆ ಗುಳ್ಳೆಗಳ ಗೂಡು ಕಟ್ಟುತ್ತಿರುತ್ತದೆ.

ಮಾರುವವರು ಬಾಟಲಿಯ ಜೊತೆ ಒಂದು ಸಣ್ಣ ಚೀಟಿಯಲ್ಲಿ ಇಷ್ಟನ್ನು ಕನ್ನಡದಲ್ಲಿ ಬರೆದುಕೊಟ್ಟರೆ ಏನು ನಷ್ಟ? ಹುಟ್ಟುಹಬ್ಬ ಮಾಡುವ ಅಪ್ಪ ಅಮ್ಮಂದಿರೂ ದಯವಿಟ್ಟು ಪೆನ್ಸಿಲ್ ಬಾಕ್ಸ್ ಕೊಡಿ. ಸಾಕಲಾಗದೆ ಬಸವನಹಳ್ಳಿ ಕೆರೆಗೋ ಕೋಟೆ ಕೆರೆಗೋ ಬಿಡುವುದೂ ಬೇಡ, ಅದು ಇಲ್ಲಿನ ಮೀನಲ್ಲ.

ಹೋದ ವಾರ ಬಂದ ಕೆಂಪು ಮೀನು ಸದ್ಯ ಅಡುಗೆಮನೆಯ ಬೆಚ್ಚಗಿನ ಮೂಲೆಯಲ್ಲಿ ಬಕೆಟ್‌ನಲ್ಲಿದೆ. ಹಳೆಯದರ ಜೊತೆ ಬಿಡುವಂತಿಲ್ಲ, ಎರಡೂ ಗಂಡು, ಹರಿದುಹಾಕಿಕೊಳ್ಳುತ್ತವೆ. ಇನ್ನೊಂದು ಹೀಟರ್ ತರಬೇಕು. ಬಿಟ್ಟಿ ಬಂದ ಮೀನಿಗೆ ಇದು ಎಷ್ಟನೇ ಖರ್ಚು ಅಂತ ಮನೆಯವಳು ಲೆಕ್ಕ ಬರೆದಿಡುತ್ತಿದ್ದಾಳೆ.

ಇಂತಿ,
ಒಬ್ಬ ಓದುಗ, ಚಿಕ್ಕಮಗಳೂರು