ಈ ಭಾನುವಾರದ ಮಾತುಕತೆ: ಕಿಮ್ ಫಿಲ್ಬಿ

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ 6ಕ್ಕೆ ಆನ್‌ಲೈನ್‌ನಲ್ಲಿ ಸೇರೋಣ. ಈ ಸಲ ಬ್ರಿಟನ್ನಿನ ಬೇಹುಗಾರ ಕಿಮ್ ಫಿಲ್ಬಿ. 1912ರಲ್ಲಿ ಹುಟ್ಟಿದ್ದು ಇಲ್ಲೇ, ನಮ್ಮ ಭಾರತದ ಅಂಬಾಲದಲ್ಲಿ! ಬ್ರಿಟನ್ನಿನ ವಿದೇಶಿ ಬೇಹುಗಾರಿಕೆ ಸಂಸ್ಥೆ ಎಂಐ6ನಲ್ಲಿ ಸೋವಿಯತ್ ಗೂಢಚಾರರ ಬೆನ್ನುಹತ್ತುವ ವಿಭಾಗಕ್ಕೇ ಮುಖ್ಯಸ್ಥನಾಗಿದ್ದ. ಒಳಗೊಳಗೆ ದುಡಿದಿದ್ದು ಮಾತ್ರ ಮಾಸ್ಕೋಗೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ, ಅಲ್ವಾ?

ಬರುವ ಮೊದಲು 1955ರ ಪತ್ರಿಕಾಗೋಷ್ಠಿಯ ವಿಡಿಯೊ ನೋಡಿಕೊಳ್ಳಿ. ಲಂಡನ್ನಿನಲ್ಲಿ ಅಮ್ಮನ ಮನೆಗೇ ವರದಿಗಾರರನ್ನು ಕರೆದು, ತುಟಿಯಂಚಲ್ಲಿ ನಗುತ್ತಾ, ತಣ್ಣಗೆ ಸುಳ್ಳು ಹೇಳುತ್ತಾನೆ. ನಾನು ಎರಡು ಸಲ ನೋಡಿದೆ, ನಂಬಿಯೇಬಿಟ್ಟಿದ್ದೆ! 1963ರಲ್ಲಿ ಬೈರೂತ್‌ನಿಂದ ರಷ್ಯಾಕ್ಕೆ ಪರಾರಿಯಾದ ಕಥೆ ಅಂದೇ ಹೇಳುತ್ತೇನೆ.

ಬರುವವರು ಶನಿವಾರ ರಾತ್ರಿಯೊಳಗೆ ಇಲ್ಲಿ ಹೆಸರು ಹಾಕಿ, ಲಿಂಕ್ ಕಳಿಸುತ್ತೇನೆ. ಮೈಕ್ ಆಫ್ ಇರಲಿ. ಹೋದ ಸಲ ಯಾರದೋ ಮನೆಯ ಕುಕ್ಕರ್ ಐದು ಸಲ ಕೂಗಿತು.