ಚಳಿಗಾಲದ ನೆಂಟರಿಗೆ ಕೆರೆ ದಂಡೆಯಲ್ಲಿ ಕೂರಲು ಜಾಗ ಬೇಕು

ಮಾನ್ಯ ಸಂಪಾದಕರೇ,

ಡಿಸೆಂಬರ್ ಬಂತೆಂದರೆ ಪ್ರವಾಸದ ಪುಟಗಳಲ್ಲಿ ನಮ್ಮ ಕಡೆಯ ಜಲಪಾತಗಳು ಧುಮ್ಮಿಕ್ಕಲು ಶುರು. ಚಿತ್ರಗಳೆಲ್ಲ ಮಳೆಗಾಲದವು. ಅದನ್ನು ನೋಡಿದ ದೂರದ ನೆಂಟರು ಫೋನ್ ಮಾಡಿ, ‘ಶಿರಸಿಯಿಂದ ಜೋಗ ಹತ್ತಿರ ಅಲ್ವಾ?’ ಎಂದು ಕೇಳುತ್ತಾರೆ. ಹತ್ತಿರವೇ. ಆದರೆ ಈಗ ಹೋದರೆ 253 ಮೀಟರ್ ಎತ್ತರದ ಬಂಡೆ ಕಾಣುತ್ತದೆ, ನೀರು ಮಾತ್ರ ಮೇಲೆ ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನಿಂತಿರುತ್ತದೆ. ಚಳಿಗಾಲದಲ್ಲಿ ಬಂದವರಿಗೆ ಶಿರಸಿಯನ್ನೇ ತೋರಿಸಬೇಕು ಎನ್ನುವುದು ನನ್ನ ವಾದ. ಅದಕ್ಕೆ ಊರು ತಯಾರಾಗಿಲ್ಲ ಎನ್ನುವುದು ತಕರಾರು.

ಈ ಸಲ ನಾಗಪುರದಿಂದ ನಮ್ಮ ಯಜಮಾನರ ದೊಡ್ಡಪ್ಪನ ಮನೆಯವರು ಬಂದಿದ್ದರು. ಎಪ್ಪತ್ತು ದಾಟಿದ ವಾರಗಿತ್ತಿ, ನಾನು ಅಕ್ಕ ಎಂದೇ ಕರೆಯುವುದು. ಜೊತೆಗೆ ಅವರ ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು. ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಹುಬ್ಬಳ್ಳಿಯಲ್ಲಿ ರೈಲಿಳಿದು ಬಸ್ಸು ಹತ್ತಿ ಬಂದರು. (ಶಿರಸಿಗೆ ರೈಲಿಲ್ಲ ಎಂದು ಪತ್ರ ಬರೆದವರು ಸಾಕಷ್ಟು ಜನ ಇದ್ದಾರೆ, ನಾನು ಅದಕ್ಕೆ ಹೋಗುವುದಿಲ್ಲ.)

ಅವರನ್ನು ಮೊದಲು ನನ್ನ ತಮ್ಮನ ಮನೆಗೆ ಕರೆದುಕೊಂಡು ಹೋದೆ. ಅಲ್ಲಿ ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವ ಕೆಲಸ, ನಡೆದಿತ್ತು. ಸಂಜೆ ಚಪ್ಪರದ ಕೆಳಗೆ ಹೆಂಗಸರು ಮೆಟ್ಟುಗತ್ತಿ ಇಟ್ಟುಕೊಂಡು ಹಸಿ ಅಡಿಕೆ ಸುಲಿಯುತ್ತಿದ್ದರು. ಸುಲಿದದ್ದನ್ನು ಹಂಡೆಯಲ್ಲಿ ಬೇಯಿಸಿ, ಚೊಗರಿನ (ಅಡಿಕೆ ಬೇಯಿಸಿದ ಕೆಂಪು ನೀರಿನ) ಬಣ್ಣ ಹಿಡಿಸಿ, ಬಿಸಿಲಿಗೆ ಹರವಿದರೆ ಕೆಂಪಡಿಕೆ. ಮರದಲ್ಲೇ ಹಣ್ಣಾಗಲು ಬಿಟ್ಟು, ಸಿಪ್ಪೆ ಸಮೇತ ತಿಂಗಳುಗಟ್ಟಲೆ ಒಣಗಿಸಿ ಸುಲಿದರೆ ಚಾಲಿ. ಅಕ್ಕನ ಮಗ ಒಂದು ಮೂಲೆಯಲ್ಲಿ ಕೂತು ಎಲ್ಲ ನೋಡಿದ. ನಾಗಪುರದಲ್ಲಿ ಖರ್ರಾ ಅಂಗಡಿಗಳಿಗೇನು ಬರವೇ? ಅಡಿಕೆ ಚೂರು, ತಂಬಾಕು, ಸುಣ್ಣ ಎಲ್ಲ ಸೇರಿಸಿ ಪ್ಲಾಸ್ಟಿಕ್ ಹಾಳೆಯಲ್ಲಿ ತಿಕ್ಕಿ ಕೊಡುವುದನ್ನು ದಿನಾ ನೋಡುವವನು. ‘ಚಿಕ್ಕಮ್ಮ, ನೀವು ಇಷ್ಟು ಕಷ್ಟಪಟ್ಟು ಮಾಡಿದ್ದನ್ನು ನಮ್ಮ ಕಡೆ ತಂಬಾಕು ಹಾಕಿ ಉಗುಳ್ತಾರಲ್ಲ’ ಎಂದ. ಸುಲಿಯುತ್ತಿದ್ದವರೆಲ್ಲ ನಕ್ಕರು. ತಮ್ಮ ನಗಲಿಲ್ಲ. ರೇಟು ನಿಂತಿರುವುದೇ ಆ ಉಗುಳುವವರ ಮೇಲೆ ಎಂದು ಅವನಿಗೆ ಗೊತ್ತು.

ಸಹಸ್ರಲಿಂಗಕ್ಕೂ ಇದೇ ಸರಿಯಾದ ಕಾಲ. ಮಳೆಗಾಲದಲ್ಲಿ ಶಾಲ್ಮಲಾ ನದಿ ತುಂಬಿ ಹರಿಯುವಾಗ ಲಿಂಗಗಳೆಲ್ಲ ನೀರಿನಡಿ, ದಾರಿಯಲ್ಲಿ ಉಂಬಳ (ಜಿಗಣೆ). ಈಗ ನೀರು ಇಳಿದು, ಸೋದೆ ಅರಸರ ಕಾಲದಲ್ಲಿ ಬಂಡೆಗಳ ಮೇಲೆ ಕೆತ್ತಿಸಿದ ಲಿಂಗ, ನಂದಿ ಎಲ್ಲ ಕಾಣುತ್ತವೆ. ಮಾರಿಕಾಂಬಾ ದೇವಸ್ಥಾನದಲ್ಲೂ ಜಾತ್ರೆಯ ನೂಕುನುಗ್ಗಲು ಇರುವುದಿಲ್ಲ. ಗೋಡೆಯ ಮೇಲಿನ ಕಾವಿ ಚಿತ್ರಗಳನ್ನು ನಿಧಾನವಾಗಿ ನೋಡಬಹುದು. ಜಾತ್ರೆಗೇ ಬನ್ನಿ ಎನ್ನುವವರು ಜಾಸ್ತಿ. ಚಿತ್ರ ನೋಡಲು ಆಗ ಬರಬೇಡಿ ಎನ್ನುವವಳು ನಾನು. ದೇವಿಯ ಮೂರ್ತಿ ಕೆರೆಯಲ್ಲಿ ಸಿಕ್ಕಿತು, ಅದಕ್ಕೇ ಅದು ದೇವಿಕೆರೆ ಎನ್ನುವ ಕಥೆ ಹೇಳಿದಾಗ ಮಕ್ಕಳಿಗೆ ಭಾರೀ ಖುಷಿ. ಕೋಟೆಕೆರೆಗೆ ಹೋದಾಗ ಚಿಕ್ಕವಳು ‘ಕೋಟೆ ಎಲ್ಲಿ?’ ಎಂದಳು. ಆ ಪ್ರಶ್ನೆಗೆ ಸೋದೆ ಅರಸರಿಂದಲೇ ಶುರು ಮಾಡಬೇಕಾಯಿತು. ಪಾಪ, ಅರ್ಧಕ್ಕೇ ಆಕಳಿಸಿದಳು.

ಇನ್ನು ತಕರಾರು. ಬೆಳಿಗ್ಗೆ ಮಂಜು ಕರಗುವ ಹೊತ್ತಿಗೆ ಅಕ್ಕನನ್ನು ನಮ್ಮ ಮನೆ ಹತ್ತಿರದ ಕೆರೆ ಏರಿಗೆ ಕರೆದುಕೊಂಡು ಹೋದೆ. ಯಾವ ಕೆರೆ ಎಂದು ಬರೆದರೆ ಅದೊಂದು ಮಾತ್ರ ರಿಪೇರಿಯಾದೀತು, ಅದಕ್ಕೆ ಹೆಸರು ಬೇಡ. ನೀರುಕಾಗೆ ರೆಕ್ಕೆ ಬಿಚ್ಚಿಕೊಂಡು ಬಿಸಿಲು ಕಾಯಿಸುತ್ತಿತ್ತು. ಮಿಂಚುಳ್ಳಿಯೂ ಕಂಡಿತು. ಅಕ್ಕನಿಗೆ ಮಂಡಿ ನೋವು, ಸ್ವಲ್ಪ ನಡೆದರೆ ಕೂರಬೇಕು. ಕೂರಲು ಒಂದು ಕಲ್ಲುಬೆಂಚೂ ಇಲ್ಲ. ಸಕ್ಕರೆ ಕಾಯಿಲೆ ಇರುವ ಹೆಂಗಸು, ಶೌಚಾಲಯಕ್ಕೆ ಹೋಗಬೇಕೆಂದರೆ ಬೀಗ. ಬೀಗದ ಕೈ ಯಾರ ಹತ್ತಿರ ಎಂದು ಎದುರಿನ ಅಂಗಡಿಯವರಿಗೂ ಗೊತ್ತಿಲ್ಲ. ಕಾಲು ಗಂಟೆಯಲ್ಲಿ ಆಟೋ ಹತ್ತಿಸಿ ಮನೆಗೆ ಕರೆತಂದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. ನನಗೇ ಸಿಟ್ಟು ಬಂತು.

ಕೆರೆ ಅಭಿವೃದ್ಧಿ ಎಂದ ತಕ್ಷಣ ಬಣ್ಣದ ಕಾರಂಜಿ, ದೋಣಿ, ಊರ ಹೆಸರಿನ ಮುಂದೆ ಕೆಂಪು ಹೃದಯ ಇಟ್ಟ ಫೋಟೋ ಬೋರ್ಡು ನೆನಪಾಗುವ ಕಾಲ ಇದು. ದಯವಿಟ್ಟು ಅದ್ಯಾವುದೂ ಬೇಡ. ದೀಪ ಹಾಕಿ ಬೆಳಗಿದರೆ ನೀರುಕಾಗೆಗಳು ಓಡಿಹೋಗುತ್ತವೆ. ಏರಿಯ ಮೇಲೆ ಮರದ ನೆರಳಿನಲ್ಲಿ ನಾಲ್ಕು ಬೆಂಚು, ಬೆಳಿಗ್ಗೆಯಿಂದ ತೆರೆದಿರುವ ಹೆಂಗಸರ ಶೌಚಾಲಯ, ಕೆರೆ ಯಾರ ಕಾಲದ್ದು ಎಂದು ಕನ್ನಡ, ಹಿಂದಿ, ಇಂಗ್ಲಿಷಿನಲ್ಲಿ ಬರೆದ ಒಂದು ಫಲಕ. ಇಷ್ಟಾದರೆ ನೆಂಟರ ಜೊತೆಗೆ ಊರಿನ ಮುದುಕರಿಗೂ ಉಪಯೋಗ.

ಸಂಬಂಧಪಟ್ಟವರ ಹತ್ತಿರ ದುಡ್ಡಿಲ್ಲ ಎಂದಾದರೆ ನಮ್ಮ ಬೀದಿಯ ಹೆಂಗಸರು ಸೇರಿ ಎರಡು ಬೆಂಚು ಹಾಕಿಸಿಕೊಡಲು ತಯಾರಿದ್ದೇವೆ. ಅರ್ಜಿ ಯಾವ ಟೇಬಲ್ಲಿಗೆ ಕೊಡಬೇಕು ಎಂದು ನಿಮ್ಮ ಪತ್ರಿಕೆಯ ಮೂಲಕವೇ ಯಾರಾದರೂ ತಿಳಿಸಲಿ.

— ಓದುಗಳೊಬ್ಬಳು, ಶಿರಸಿ